ಕಾಗದದ ಮೇಲೆ ಸಬ್‌ಮರೀನ್ ಕಟ್ಟುವವರಿಗೆ

ಸರೋಜಿನಿ ನಗರ, ನವದೆಹಲಿ

ಸರೋಜಿನಿ ನಗರ, ಲಕ್ಷ್ಮೀಬಾಯಿ ನಗರ, ಮೋತಿಬಾಗ್, ರಾಮಕೃಷ್ಣಪುರಂನ ಕನ್ನಡ ಮನೆಗಳಲ್ಲಿ ಕೂತು ಕಲ್ಪನೆಯ ಸಬ್‌ಮರೀನ್‌ಗಳಿಗೆ ನಕ್ಷೆ ಬರೆಯುತ್ತಿರುವ ಪ್ರೀತಿಯ ಹುಡುಗ ಹುಡುಗಿಯರೇ,



ನಿಮ್ಮಲ್ಲಿ ಹಲವರ ನಕ್ಷೆಗಳನ್ನು ನಾನು ನೋಡಿದ್ದೇನೆ. ಕೆಲವನ್ನು ನೀವೇ ಸುರುಳಿ ಸುತ್ತಿಕೊಂಡು ಬಂದು ತೋರಿಸಿದಿರಿ, ಕೆಲವನ್ನು ನಿಮ್ಮ ಅಮ್ಮಂದಿರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ಒಂದರಲ್ಲಿ ಅಣು ರಿಯಾಕ್ಟರ್ ಇದೆ, ಪಕ್ಕದಲ್ಲೇ ಡೀಸೆಲ್ ಎಂಜಿನ್, ಹಿಂಭಾಗದಲ್ಲಿ ಫ್ಯುಯೆಲ್ ಸೆಲ್. ಇನ್ನೊಂದು ನೀರಿನಿಂದ ಮೇಲೆದ್ದು ರೆಕ್ಕೆ ಬಿಚ್ಚಿ ಹಾರುತ್ತದೆ. ಮತ್ತೊಂದರ ಬೆನ್ನ ಮೇಲೆ ಡ್ರೋನ್‌ಗಳಿಗೆಂದೇ ಒಂದು ಹ್ಯಾಂಗರ್, ಅದಕ್ಕೆ ಎರಡು ಪಕ್ಕಕ್ಕೂ ತೆರೆಯುವ ದೊಡ್ಡ ಬಾಗಿಲು. ಎಲ್ಲದರ ಮೇಲೂ ನೀವು ಬರೆದದ್ದು ಒಂದೇ: ಹೈಬ್ರಿಡ್ ಸಬ್‌ಮರೀನ್. ಕಡಲಗಾಳಿ ಸುಳಿಯದ ಈ ಊರಿನಲ್ಲಿ, ಹಳೆಯ ಕ್ವಾರ್ಟರ್ಸ್ ಕೆಡವಿ ಎಬ್ಬಿಸಿದ ಬಹುಮಹಡಿ ಕಟ್ಟಡಗಳ ನಡುವೆ, ಪರೀಕ್ಷೆಯ ಓದಿನಿಂದ ಒಂದಿಷ್ಟು ಹೊತ್ತು ಉಳಿಸಿಕೊಂಡು ನೀವು ಇಷ್ಟು ಶ್ರದ್ಧೆಯಿಂದ ಗೆರೆ ಎಳೆದಿರುವುದನ್ನು ಕಂಡು ನನಗೆ ತುಂಬ ಸಂತೋಷವಾಯಿತು. ಉಳಿದದ್ದಕ್ಕೆಲ್ಲ ಮೊದಲು ಆ ಮಾತು ಹೇಳಿಬಿಡಬೇಕು.

ನಾನು ಅಂಕೋಲಾ ಕಡೆಯವಳು. ಮದುವೆಯಾದ ಮೇಲೆ ದೆಹಲಿಗೆ ಬಂದು, ಇಲ್ಲಿಯ ಶಾಲೆಗಳಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದೆ. ಆರ್ಕಿಮಿಡೀಸನ ನಿಯಮವನ್ನು ಪ್ರತಿ ವರ್ಷ ಹೊಸ ಮಕ್ಕಳ ಮುಂದೆ ಬಕೆಟ್ಟು, ಬಾಟಲಿ ಇಟ್ಟುಕೊಂಡು ಹೇಳಿದವಳು. ಆ ಕಣ್ಣಿನಿಂದಲೇ ನಿಮ್ಮ ನಕ್ಷೆಗಳನ್ನು ನೋಡಿದೆ. ಎಂಜಿನ್‌ಗಳು ಕಂಡವು, ಕ್ಷಿಪಣಿಗಳು ಕಂಡವು, ಸೋನಾರ್ ಕಂಡಿತು. ಒಳಗಿನ ಮನುಷ್ಯರು ಕಾಣಲಿಲ್ಲ. ಅವರು ಹೊರಗೆ ಬರುವ ದಾರಿ ಕಾಣಲಿಲ್ಲ. ಅಷ್ಟೆಲ್ಲ ಹೊತ್ತ ಹಡಗು ಒಟ್ಟು ಎಷ್ಟು ತೂಗುತ್ತದೆ ಎಂಬ ಲೆಕ್ಕ ಯಾರೊಬ್ಬರ ಹಾಳೆಯ ಅಂಚಿನಲ್ಲೂ ಇರಲಿಲ್ಲ. ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ನಿಮ್ಮಲ್ಲಿ ಒಂದೇ ಕೋರಿಕೆ: ಜನರನ್ನೂ ದಾರಿಯನ್ನೂ ತೂಕವನ್ನೂ ಮೊದಲು ಬರೆಯಿರಿ, ಯಂತ್ರಗಳನ್ನು ಆಮೇಲೆ.

‘ಕಲ್ಪನೆಯ ಹಡಗು ತಾನೆ, ಲೆಕ್ಕ ಯಾಕೆ ಟೀಚರ್?’ ಎಂದು ನಿಮ್ಮಲ್ಲೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಲೋಕದಲ್ಲಿ ಅತ್ಯಂತ ಹೆಸರಾದ ಕಲ್ಪನೆಯ ಸಬ್‌ಮರೀನ್ ಯಾವುದು? ಫ್ರೆಂಚ್ ಲೇಖಕ ಜೂಲ್ಸ್ ವರ್ನ್ 1870ರ ಹೊತ್ತಿಗೆ ಬರೆದು ಮುಗಿಸಿದ ‘ನಾಟಿಲಸ್’. ಅದರ ಕ್ಯಾಪ್ಟನ್ ನೆಮೊ ಯಾರೆಂದು ವರ್ನ್ ಮುಂದಿನ ಇನ್ನೊಂದು ಕಾದಂಬರಿಯಲ್ಲಿ ಬಯಲು ಮಾಡುತ್ತಾನೆ: ಬುಂದೇಲಖಂಡದ ರಾಜಕುಮಾರ ಡಕ್ಕರ್. ನಮ್ಮ ಶ್ರೀರಂಗಪಟ್ಟಣದ ಟೀಪೂವಿನ ಸೋದರಳಿಯ ಎಂದೂ ವರ್ನ್ ಅವನಿಗೆ ನಂಟು ಕಟ್ಟಿದ್ದಾನೆ. ಹೀಗೆ ಆ ಹಡಗಿಗೆ ಕನ್ನಡ ನಾಡಿನ ಒಂದು ಎಳೆಯೂ ಇದೆ. ನಾನು ಹೇಳಹೊರಟದ್ದು ಬೇರೆ. ಆ ಕಾದಂಬರಿಯಲ್ಲಿ ಒಂದು ಅಧ್ಯಾಯವಿಡೀ ಅಂಕಿಗಳಿಗೇ ಮೀಸಲು. ಹಡಗಿನ ಉದ್ದ 70 ಮೀಟರ್, ಅಗಲ 8 ಮೀಟರ್. ಪೂರ್ತಿ ಮುಳುಗಿದಾಗ ಅದು ಪಕ್ಕಕ್ಕೆ ಸರಿಸುವ ನೀರು ಸುಮಾರು 1,500 ಟನ್. ತೇಲುವಾಗ ಹತ್ತನೆಯ ಒಂದು ಪಾಲು ಮಾತ್ರ ನೀರಿನ ಮೇಲಿರಬೇಕು. ಹಾಗಾದರೆ ಮುಳುಗಲು ಸುಮಾರು 150 ಟನ್ ನೀರು ಹಿಡಿಯುವ ತೊಟ್ಟಿಗಳು ಬೇಕು. ಲೆಕ್ಕ ಕೂಡಿಸಿ ನೋಡಿ, ಹೊಂದುತ್ತದೆ. ಅಷ್ಟೇ ಅಲ್ಲ, ಹಡಗಿನ ಬೆನ್ನಿನ ಒಂದು ಗುಳಿಯಲ್ಲಿ ಬಿಗಿದಿಟ್ಟ ಪುಟ್ಟ ದೋಣಿಯೂ ಇದೆ. ಒಳಗಿನಿಂದಲೇ ಅದರೊಳಗೆ ಹತ್ತಿ, ಬೋಲ್ಟು ಬಿಚ್ಚಿದರೆ ತಾನಾಗಿ ಮೇಲಕ್ಕೆ ತೇಲುತ್ತದೆ. ಕಥೆಯ ಕೊನೆಗೆ ಮೂವರು ಜೀವ ಉಳಿಸಿಕೊಳ್ಳುವುದು ಆ ದೋಣಿಯಿಂದ. ಬರೆದವನು ವಕೀಲಿ ಓದಿದ್ದವನು, ಎಂಜಿನಿಯರ್ ಅಲ್ಲ. ಆದರೂ ತೂಕವನ್ನೂ ಹೊರಬರುವ ದಾರಿಯನ್ನೂ ಬಿಡಲಿಲ್ಲ. ನೂರೈವತ್ತು ವರ್ಷವಾದರೂ ಆ ಹಡಗನ್ನು ಓದುಗರು ನಂಬುತ್ತಿರುವುದಕ್ಕೆ ಆ ಲೆಕ್ಕವೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ.

ಈಗ ಇದನ್ನು ಪಕ್ಕದಲ್ಲಿಟ್ಟು ನೋಡಿ. ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿ, 2017ರ ಡಿಸೆಂಬರ್ 14ರಂದು ನೌಕಾಪಡೆಗೆ ಸೇರಿದ ‘ಕಲ್ವರಿ’ಯ ಉದ್ದ 67.5 ಮೀಟರ್. ಮುಳುಗಿದಾಗ ಸುಮಾರು 1,775 ಟನ್. ವರ್ನ್‌ನ ಕಲ್ಪನೆಗೂ ನಮ್ಮ ಕಾಲದ ಉಕ್ಕಿಗೂ ಅಷ್ಟು ಹತ್ತಿರ!

ಹೈಬ್ರಿಡ್ ಎಂಬುದು ಹೊಸ ಕಾಲದ ಸಂಗತಿ ಎಂದು ನೀವು ತಿಳಿದಂತಿದೆ. ಸಬ್‌ಮರೀನ್‌ಗಳು ನೂರು ವರ್ಷಕ್ಕೂ ಹಿಂದಿನಿಂದ ಹೈಬ್ರಿಡ್ಡೇ. ನಮ್ಮ ರೈಲಿನ ಡೀಸೆಲ್ ಎಂಜಿನ್‌ಗಳಲ್ಲಿ ಡೀಸೆಲ್ ನೇರವಾಗಿ ಗಾಲಿ ತಿರುಗಿಸುವುದಿಲ್ಲ, ಜನರೇಟರ್ ತಿರುಗಿಸುತ್ತದೆ, ಆ ಕರೆಂಟಿನಿಂದ ಮೋಟಾರು ಓಡುತ್ತದೆ. ಕಲ್ವರಿಯಲ್ಲೂ ಹಾಗೆಯೇ, ನಡುವೆ ದೊಡ್ಡ ಬ್ಯಾಟರಿ ಒಂದು ಹೆಚ್ಚು. ಡೀಸೆಲ್ ಉರಿಯಲು ಗಾಳಿ ಬೇಕು. ಅದಕ್ಕಾಗಿ ನೀರಿನ ಮೇಲ್ಮೈಗೆ ಹತ್ತಿರ ಬಂದು, ಸ್ನಾರ್ಕೆಲ್ ಎಂಬ ಕೊಳವೆಯನ್ನು ಮೇಲಕ್ಕೆ ಚಾಚಿ ಗಾಳಿ ಎಳೆದುಕೊಳ್ಳಬೇಕು. ಶತ್ರುವಿನ ಕಣ್ಣಿಗೆ ಬೀಳುವ ಅಪಾಯ ಹೆಚ್ಚುವುದು ಆಗಲೇ. ಈ ಕಷ್ಟ ತಪ್ಪಿಸಲೆಂದೇ ಹೊರಗಿನ ಗಾಳಿ ಬೇಡದ ಮೂರನೆಯದೊಂದು ಶಕ್ತಿಮೂಲ ಹುಡುಕಿದರು. ಸ್ವೀಡನ್ನಿನವರು ಸ್ಟರ್ಲಿಂಗ್ ಎಂಜಿನ್ ಹಾಕಿದರು, ಜರ್ಮನ್ನರು ಫ್ಯುಯೆಲ್ ಸೆಲ್ ಹಾಕಿದರು. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಸೇರಿದ ಅಂಬರ್‌ನಾಥ್‌ನ ಪ್ರಯೋಗಾಲಯ ರೂಪಿಸಿದ ಫ್ಯುಯೆಲ್ ಸೆಲ್ ವ್ಯವಸ್ಥೆಯ ಮಾದರಿ 2021ರ ಮಾರ್ಚ್ 8ರಂದು ನೆಲದ ಮೇಲೆ ನಡೆದ ಪರೀಕ್ಷೆಯಲ್ಲಿ ಗೆದ್ದಿತು. ಅದರ ವಿಶೇಷವೆಂದರೆ ಹೈಡ್ರೋಜನ್ನನ್ನು ತುಂಬಿಕೊಂಡು ಹೋಗುವುದಿಲ್ಲ, ಬೇಕಾದಾಗ ಹಡಗಿನೊಳಗೇ ತಯಾರಿಸಿಕೊಳ್ಳುತ್ತದೆ. ಬೆಂಕಿಗೆ ಹತ್ತಿರದ ಬಂಧುವಾದ ಆ ಅನಿಲವನ್ನು ಮುಚ್ಚಿದ ಕೊಳವೆಯೊಳಗೆ ಕೂಡಿಡುವುದು ಬೇಡ ಎಂಬ ಎಚ್ಚರ ಅದರಲ್ಲಿದೆ. ನಿಮ್ಮಲ್ಲಿ ಫ್ಯುಯೆಲ್ ಸೆಲ್ ಬರೆದವರು ಹೈಡ್ರೋಜನ್ ಎಲ್ಲಿಂದ ಬರುತ್ತದೆ, ಆಮ್ಲಜನಕ ಎಲ್ಲಿರುತ್ತದೆ ಎಂದು ತೋರಿಸಿಲ್ಲ. ಆ ಎರಡು ಪೆಟ್ಟಿಗೆಗಳನ್ನು ದಯವಿಟ್ಟು ಸೇರಿಸಿ. ಅವು ಫ್ಯುಯೆಲ್ ಸೆಲ್‌ಗಿಂತ ದೊಡ್ಡವಾಗಬಹುದು.

ರಿಯಾಕ್ಟರ್ ಮತ್ತು ಡೀಸೆಲ್ ಎರಡೂ ಇರಲಿ ಎಂದವರಿಗೂ ಒಂದು ಸಮಾಚಾರ. ಸೋವಿಯತ್ ಒಕ್ಕೂಟದವರು 1980ರ ದಶಕದಲ್ಲಿ ಒಂದು ಹಳೆಯ ಡೀಸೆಲ್ ಸಬ್‌ಮರೀನಿಗೆ ಪುಟ್ಟ ರಿಯಾಕ್ಟರನ್ನು ಜೋಡಿಸಿ ನೋಡಿದರು. ಅಂಥದ್ದು ಒಂದೇ ಒಂದು ಆಯಿತು, ಮುಂದುವರಿಯಲಿಲ್ಲ. ಹಾಗೆಂದು ನೀವು ಬರೆಯಬಾರದೆಂದಲ್ಲ. ಬರೆಯಿರಿ, ಆದರೆ ರಿಯಾಕ್ಟರಿನ ಸುತ್ತ ಜನರನ್ನು ವಿಕಿರಣದಿಂದ ಕಾಯುವ ಸೀಸದ ಗೋಡೆಗೂ ಜಾಗ ಬಿಡಿ, ಅದರ ತೂಕವನ್ನೂ ಬರೆಯಿರಿ.

ತೂಕದ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ, ಸಹಿಸಿಕೊಳ್ಳಿ. ರಸ್ತೆಯ ಮೇಲಿನ ಗಾಡಿ ಒಂದಿಷ್ಟು ಭಾರವಾದರೆ ನಿಧಾನವಾಗಿ ಓಡುತ್ತದೆ, ಅಷ್ಟೆ. ಮುಳುಗಿರುವ ಹಡಗಿಗೆ ಆ ಸಲುಗೆ ಇಲ್ಲ. ತಾನು ಸರಿಸಿದ ನೀರಿನಷ್ಟೇ ಅದು ತೂಗಬೇಕು. ಹೆಚ್ಚಾದರೆ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಒಂದು ಟಾರ್ಪಿಡೊ ಹಾರಿಸಿದರೆ ಒಂದೂವರೆ ಟನ್ ಆಸುಪಾಸಿನ ಭಾರ ಮುಂಭಾಗದಿಂದ ಒಮ್ಮೆಗೇ ಇಲ್ಲವಾಗುತ್ತದೆ. ಕೂಡಲೇ ಅಷ್ಟು ನೀರನ್ನು ಒಳಗೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಮೂಗು ಮೇಲಕ್ಕೇಳುತ್ತದೆ. ನೀರೂ ಎಲ್ಲ ಕಡೆ ಒಂದೇ ಅಲ್ಲ. ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವುದನ್ನು ಸೇತುವೆಯ ಮೇಲಿನಿಂದ ನೀವು ನೋಡಿರಬಹುದು. ಸಿಹಿನೀರು ಉಪ್ಪುನೀರಿಗಿಂತ ನೂರಕ್ಕೆ ಎರಡೂವರೆ ಭಾಗ ಹಗುರ. 1,775 ಟನ್ನಿನ ಹಡಗು ಪೂರ್ತಿ ಉಪ್ಪುನೀರಿನಿಂದ ಪೂರ್ತಿ ಸಿಹಿನೀರಿಗೆ ಹೋದರೆ, ಒಳಗೆ ಒಂದು ಚಮಚವೂ ಹೆಚ್ಚಾಗದೆ, ಸುಮಾರು 44 ಟನ್ ಭಾರ ಮೀರಿದಂತಾಗುತ್ತದೆ. ಈ ಲೆಕ್ಕವನ್ನು ನೀವೇ ಮಾಡಿ ನೋಡಿ, ಹತ್ತನೆಯ ತರಗತಿಯ ಗಣಿತ ಸಾಕು.

ದೊಡ್ಡ ದೊಡ್ಡ ಎಂಜಿನಿಯರುಗಳೂ ಇಲ್ಲಿ ಎಡವಿದ್ದಾರೆ. ಸ್ಪೇನ್ ದೇಶ ತನ್ನ ‘ಐಸಾಕ್ ಪೆರಾಲ್’ ಸಬ್‌ಮರೀನನ್ನು ಕಟ್ಟುತ್ತಿದ್ದಾಗ ಅದು ಹತ್ತಿರ ಹತ್ತಿರ ನೂರು ಟನ್ ಹೆಚ್ಚು ತೂಗುತ್ತಿದೆ ಎಂಬುದು 2013ರಲ್ಲಿ ಹೊರಬಿತ್ತು. ಒಂದು ದಶಾಂಶ ಬಿಂದು ತಪ್ಪು ಜಾಗದಲ್ಲಿ ಬಿದ್ದದ್ದೇ ಕಾರಣವೆಂದು ಆಗ ವರದಿಯಾಯಿತು. ಮುಳುಗಿದರೆ ಮೇಲೇಳುವ ಭರವಸೆ ಇಲ್ಲ. ಪರಿಹಾರ ಒಂದೇ, ಹಡಗನ್ನು ಉದ್ದ ಮಾಡಿ ಹೆಚ್ಚು ನೀರು ಸರಿಸುವಂತೆ ಮಾಡುವುದು. 71 ಮೀಟರ್ ಇದ್ದದ್ದನ್ನು 81ರ ಹತ್ತಿರಕ್ಕೆ ಎಳೆದರು. ಆಮೇಲೆ ಕಾರ್ಟಹೆನಾ ಬಂದರಿನಲ್ಲಿ ಅದು ನಿಲ್ಲುವ ಜಾಗ ಸಾಲದೆ ಅದನ್ನೂ ಹಿಗ್ಗಿಸಬೇಕಾಯಿತು. ಆ ಹಡಗು ನೌಕಾಪಡೆಯ ಕೈ ಸೇರಿದ್ದು 2023ರ ನವೆಂಬರಿನಲ್ಲಿ. ನೀವು ‘ಇದೂ ಇರಲಿ’ ಎಂದು ಒಂದು ಯಂತ್ರ ಸೇರಿಸುವಾಗಲೆಲ್ಲ, ಅದರ ಸಲುವಾಗಿ ಯಾವುದನ್ನು ತೆಗೆದೆ ಎಂದು ಪಕ್ಕದಲ್ಲಿ ಬರೆಯಿರಿ. ತೆಗೆಯಲು ಮನಸ್ಸಿಲ್ಲದಿದ್ದರೆ ಹಡಗು ಎಷ್ಟು ಉದ್ದವಾಯಿತೆಂದು ಬರೆಯಿರಿ.

ಇನ್ನು ಕಿಂಡಿಗಳ ಮಾತು. ಹ್ಯಾಂಗರ್ ಬರೆದವರು ಇದನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. 300 ಮೀಟರ್ ಆಳದಲ್ಲಿ ಒಂದೊಂದು ಚದರ ಮೀಟರಿನ ಮೇಲೂ ಸುಮಾರು 300 ಟನ್ ನೀರಿನ ಭಾರ ಒತ್ತುತ್ತದೆ. ನಿಮ್ಮ ಹ್ಯಾಂಗರಿನ ಬಾಗಿಲು ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ. ಅಂದರೆ ಅದರ ಮೇಲೆ 3,600 ಟನ್ನಿಗೂ ಹೆಚ್ಚು. ಸಬ್‌ಮರೀನಿನ ಒಳಕವಚವನ್ನು ದುಂಡಗೆ ಮಾಡುವುದು ಆ ಒತ್ತಡ ಎಲ್ಲ ಕಡೆ ಸಮನಾಗಿ ಹಂಚಿಹೋಗಲೆಂದು. ಚಪ್ಪಟೆ ಬಾಗಿಲು ಹಾಗೆ ಹಂಚಿಕೊಳ್ಳುವುದಿಲ್ಲ, ನಡುವೆ ಬಾಗುತ್ತದೆ.

ನಿಮ್ಮಂತೆಯೇ ಎರಡು ಬಗೆಯ ಹಡಗುಗಳನ್ನು ಒಂದರಲ್ಲಿ ಸೇರಿಸುವ ಆಸೆ ಬ್ರಿಟನ್ನಿನವರಿಗೂ ಇತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ, ಯುದ್ಧನೌಕೆಗಳ ಜೊತೆಯಲ್ಲೇ ವೇಗವಾಗಿ ಓಡಬಲ್ಲ ಸಬ್‌ಮರೀನ್ ಬೇಕೆಂದು ‘ಕೆ’ ವರ್ಗದ ಹಡಗುಗಳನ್ನು ಕಟ್ಟಿದರು. ಮೇಲೆ ಓಡುವಾಗ ಬಾಯ್ಲರು, ಹಬೆಯ ಟರ್ಬೈನು, ಎರಡು ಹೊಗೆಕೊಳವೆ. ಮುಳುಗುವ ಮುನ್ನ ಕೊಳವೆ ಮಡಚಿ, ಬಾಯ್ಲರ್ ಕೋಣೆಗೆ ಗಾಳಿ ಬರುವ ದೊಡ್ಡ ಕಿಂಡಿಗಳನ್ನೆಲ್ಲ ಮುಚ್ಚಬೇಕು. 1917ರ ಜನವರಿ 29ರಂದು ಸ್ಕಾಟ್ಲೆಂಡಿನ ಗೇರ್ ಲೋಕ್‌ನಲ್ಲಿ ‘ಕೆ13’ ಪರೀಕ್ಷೆಗೆಂದು ಮುಳುಗಿತು. ಗಾಳಿಕಿಂಡಿಗಳು ತೆರೆದೇ ಇದ್ದವು. ನೀರು ನುಗ್ಗಿ 32 ಜನ ಸತ್ತರು. ಮುಂದಿನ ವರ್ಷ, 1918ರ ಜನವರಿ 31ರ ರಾತ್ರಿ, ಮೇ ದ್ವೀಪದ ಬಳಿ ಇದೇ ವರ್ಗದ ಹಡಗುಗಳು ತಮ್ಮದೇ ನೌಕಾಪಡೆಯ ಹಡಗುಗಳಿಗೆ ಡಿಕ್ಕಿ ಹೊಡೆದುಕೊಂಡು ಎರಡು ಮುಳುಗಿದವು. ನೂರಕ್ಕೂ ಹೆಚ್ಚು ಮಂದಿ ಹೋದರು, ಶತ್ರುವಿನ ಒಂದು ಗುಂಡೂ ತಾಗದೆ.

ನಿಮ್ಮ ಡ್ರೋನ್ ಹ್ಯಾಂಗರಿನ ಅಜ್ಜನಂಥದ್ದು ಬ್ರಿಟನ್ನಿನವರದೇ ಇನ್ನೊಂದು ಸಬ್‌ಮರೀನ್, ‘ಎಂ2’. ಅದರಲ್ಲಿ ಪುಟ್ಟ ಕಡಲವಿಮಾನವೊಂದನ್ನು ರೆಕ್ಕೆ ಮಡಚಿ ಇಡುವ ಹ್ಯಾಂಗರ್ ಇತ್ತು. ನೀರಿನಿಂದ ಮೇಲೆದ್ದ ತಕ್ಷಣ ಬಾಗಿಲು ತೆರೆದು, ವಿಮಾನ ಹಾರಿಸಿ, ಮತ್ತೆ ಮುಳುಗಬೇಕು. ಎಷ್ಟು ಬೇಗ ಮಾಡಿದರೆ ಅಷ್ಟು ಮೆಚ್ಚುಗೆ. 1932ರ ಜನವರಿ 26ರಂದು ಅದು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಮುಳುಗಿ 60 ಜನರೂ ತೀರಿಕೊಂಡರು. ಹುಡುಕಿಹೋದ ಡೈವರ್‌ಗಳಿಗೆ ಹ್ಯಾಂಗರಿನ ಬಾಗಿಲು ತೆರೆದಿರುವುದು ಕಂಡಿತು. ಹಡಗು ಪೂರ್ತಿ ಮೇಲೇಳುವ ಮೊದಲೇ ಅವಸರದಲ್ಲಿ ಬಾಗಿಲು ತೆರೆದರೆಂದು ನಂಬಲಾಗಿದೆ. ಆದ್ದರಿಂದ ನಿಮ್ಮ ನಕ್ಷೆಯ ಪ್ರತಿ ಬಾಗಿಲಿನ ಪಕ್ಕದಲ್ಲೂ ಬರೆಯಿರಿ: ಇದನ್ನು ಯಾರು ತೆರೆಯುತ್ತಾರೆ, ತೆರೆಯಬಾರದ ಹೊತ್ತಿನಲ್ಲಿ ಅದನ್ನು ತಡೆಯುವುದು ಏನು, ಕರೆಂಟು ಹೋದರೆ ಕೈಯಿಂದ ಮುಚ್ಚಲು ಆಗುತ್ತದೆಯೆ.

ಚಿಕ್ಕ ತೂತು ಎಂದು ಅಸಡ್ಡೆ ಬೇಡ. 1939ರ ಜೂನ್ 1ರಂದು ಲಿವರ್‌ಪೂಲ್ ಕೊಲ್ಲಿಯಲ್ಲಿ ‘ಥೆಟಿಸ್’ ಎಂಬ ಹೊಸ ಸಬ್‌ಮರೀನ್ ಪರೀಕ್ಷೆಗೆ ಹೊರಟಿತ್ತು. ಟಾರ್ಪಿಡೊ ಕೊಳವೆಯಲ್ಲಿ ನೀರಿದೆಯೇ ಎಂದು ತಿಳಿಯಲು ಒಂದು ಪುಟ್ಟ ನಲ್ಲಿ ಇರುತ್ತದೆ. ತೆರೆದಾಗ ನೀರು ಚಿಮ್ಮಿದರೆ ಕೊಳವೆ ತುಂಬಿದೆಯೆಂದರ್ಥ. ಆ ನಲ್ಲಿಯ ಕಿರುತೂತಿನಲ್ಲಿ ಬಣ್ಣ ಗಟ್ಟಿಯಾಗಿ ಕೂತಿತ್ತು. ನೀರು ಬರಲಿಲ್ಲ, ಕೊಳವೆ ಖಾಲಿ ಇದೆಯೆಂದುಕೊಂಡು ಒಳಬಾಗಿಲು ತೆರೆದರು. ಹೊರಬಾಗಿಲೂ ತೆರೆದಿತ್ತು. 99 ಜನ ಸತ್ತರು, ಬದುಕಿದವರು ನಾಲ್ವರು. ಬಣ್ಣ ಬಳಿದವನ ಒಂದು ಹನಿ. ಹಡಗಿನ ಒಂದು ತುದಿ ನೀರಿನ ಮೇಲೆ ಕಾಣುತ್ತಲೇ ಇತ್ತೆಂಬುದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಎರಡು ಬೇರೆ ಬೇರೆ ವಸ್ತು ಬೆಸೆದು ಕವಚ ಮಾಡುವ ಯೋಚನೆಯೂ ನಿಮ್ಮಲ್ಲೊಬ್ಬರದ್ದಿದೆ, ಕಾರ್ಬನ್ ಫೈಬರ್ ಮತ್ತು ಟೈಟೇನಿಯಂ. 2023ರ ಜೂನ್ 18ರಂದು ಟೈಟಾನಿಕ್ ನೋಡಲು ಇಳಿದ ‘ಟೈಟನ್’ ಅಂಥದ್ದೇ ಆಗಿತ್ತು. ಒಳಗಿದ್ದ ಐವರೂ ಹೋದರು. ಒತ್ತಡಕ್ಕೆ ಎರಡು ವಸ್ತುಗಳು ಒಂದೇ ರೀತಿ ಕುಗ್ಗುವುದಿಲ್ಲ. ಹೈಬ್ರಿಡ್ ಎಂದರೆ ಕೂಡಿಕೆ, ಮತ್ತು ಹಡಗು ಸೋಲುವುದು ಹೆಚ್ಚಾಗಿ ಕೂಡಿಕೆಯ ಜಾಗದಲ್ಲಿ. ಅದಕ್ಕೇ ನಿಮ್ಮ ನಕ್ಷೆಯಲ್ಲಿ ಎಲ್ಲಿ ಎರಡು ಬಗೆಯವು ಸೇರುತ್ತವೋ ಅಲ್ಲಿ ಕೆಂಪು ಶಾಯಿಯಿಂದ ಒಂದು ವೃತ್ತ ಹಾಕಿ.

ಬ್ಯಾಟರಿಯ ಜಾಗಕ್ಕೆ ಎರಡು ವೃತ್ತ ಹಾಕಿ. ಅರ್ಜೆಂಟೀನಾದ ‘ಸಾನ್ ಹುವಾನ್’ 2017ರ ನವೆಂಬರ್ 15ರಂದು 44 ಜನರೊಂದಿಗೆ ಕಣ್ಮರೆಯಾಯಿತು. ಗಾಳಿಕೊಳವೆಯ ದಾರಿಯಿಂದ ನೀರು ಒಳಗೆ ಬಂದು ಮುಂಭಾಗದ ಬ್ಯಾಟರಿಗಳಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿದೆ ಎಂಬುದು ಅದು ಕೊನೆಯ ಗಂಟೆಗಳಲ್ಲಿ ಕಳಿಸಿದ ಸಂದೇಶ. ಒಂದು ವರ್ಷದ ಮೇಲೆ 900 ಮೀಟರ್ ಆಳದಲ್ಲಿ ಸಿಕ್ಕಿತು. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಉಪ್ಪುನೀರು ತಾಗಿದರೆ ಕ್ಲೋರಿನ್ ಬಿಡುತ್ತದೆ. ಒಂದು ಸ್ಫೋಟಿಸುತ್ತದೆ, ಇನ್ನೊಂದು ಉಸಿರು ಕಟ್ಟಿಸುತ್ತದೆ. ಹೀಗಿರುವಾಗ ನಿಮ್ಮ ನಕ್ಷೆಯೊಂದರಲ್ಲಿ ಬ್ಯಾಟರಿಯ ಮೇಲೆಯೇ ಗಾಳಿಕೊಳವೆ ಇಳಿದಿದೆ. ದಯವಿಟ್ಟು ಅದನ್ನು ಸರಿಸಿ.

ಈಗ ಜನರ ವಿಷಯಕ್ಕೆ ಬರುತ್ತೇನೆ. ವಿಶಾಖಪಟ್ಟಣದ ಕಡಲತೀರದಲ್ಲಿ ‘ಕುರ್ಸುರ’ ಎಂಬ ಸಬ್‌ಮರೀನನ್ನು ದಡಕ್ಕೆ ಎಳೆದು ತಂದು 2002ರಿಂದ ಸಂಗ್ರಹಾಲಯ ಮಾಡಿದ್ದಾರೆ. ನಾನು ಅದರೊಳಗೆ ಈ ತುದಿಯಿಂದ ಆ ತುದಿಗೆ ನಡೆದಿದ್ದೇನೆ. ನಡೆದಿದ್ದೇನೆ ಎನ್ನುವುದೂ ಸರಿಯಲ್ಲ. ಏಳು ಕೋಣೆ, ಒಂದರಿಂದ ಇನ್ನೊಂದಕ್ಕೆ ದುಂಡನೆಯ ಕಿಂಡಿಬಾಗಿಲು. ಒಂದು ಕಾಲು ಮೊದಲು ಆಚೆ ಹಾಕಿ, ತಲೆ ಬಗ್ಗಿಸಿ, ಮೈಯನ್ನು ಹಿಂದಿನಿಂದ ಎಳೆದುಕೊಳ್ಳಬೇಕು. ಹೊರಗೆ ನೋಡಿದರೆ 91 ಮೀಟರ್ ಉದ್ದ, ಎಷ್ಟು ದೊಡ್ಡದು ಅನ್ನಿಸುತ್ತದೆ. ಒಳಗೆ ಹೋದರೆ ಭುಜಕ್ಕೆ ಕೊಳವೆ, ಮೊಣಕೈಗೆ ವಾಲ್ವು. ಟಾರ್ಪಿಡೊಗಳ ಪಕ್ಕದಲ್ಲೇ ಮಲಗುವ ಹಲಗೆ. ಅಲ್ಲಿ ವಿವರಿಸಲು ನಿಲ್ಲುವವರು ನೌಕಾಪಡೆಯ ನಿವೃತ್ತ ನಾವಿಕರು. ನಾನು ಕಂಡವರು ಹಡಗಿನ ವೇಗದ ಮಾತನ್ನು ಎರಡು ವಾಕ್ಯದಲ್ಲಿ ಮುಗಿಸಿ, ಸ್ನಾನಕ್ಕೆ ನೀರು ಸಿಗದ ವಾರಗಳ ಬಗ್ಗೆ, ಡೀಸೆಲ್ ವಾಸನೆ ಹತ್ತಿದ ಅನ್ನದ ಬಗ್ಗೆ, ಪಕ್ಕದವನ ಗೊರಕೆ ಕೇಳಿಸದಿದ್ದರೆ ನಿದ್ದೆ ಬಾರದ ಬಗ್ಗೆ ಹೇಳಿದರು. ಅಲ್ಲಿಂದ ಬಂದ ಮೇಲೆ ನನಗೆ ಸಬ್‌ಮರೀನ್ ಎಂದರೆ ಮೊದಲು ನೆನಪಾಗುವುದು ಆ ದುಂಡು ಬಾಗಿಲು. ಒಂದು ಕೋಣೆಗೆ ನೀರು ನುಗ್ಗಿದರೆ ಅದನ್ನು ಮುಚ್ಚಬೇಕು. ಆಚೆ ಕಡೆ ಯಾರಿದ್ದರೂ ಮುಚ್ಚಬೇಕು. ಆ ಬಾಗಿಲು ಎಲ್ಲಿರಬೇಕೆಂದು ತೀರ್ಮಾನಿಸುವುದು ನಕ್ಷೆ ಬರೆಯುವವರು, ಎಂದರೆ ನೀವು.

ಮುಂಬೈಯಲ್ಲಿ 2013ರ ಆಗಸ್ಟ್ 14ರ ನಡುರಾತ್ರಿ ‘ಸಿಂಧುರಕ್ಷಕ್’ ಸ್ಫೋಟಿಸಿ 18 ನಾವಿಕರು ತೀರಿಕೊಂಡದ್ದು ನಿಮ್ಮ ತಂದೆ ತಾಯಿಯರಿಗೆ ನೆನಪಿರಬಹುದು. ಹಡಗು ಕಡಲಿಗೆ ಹೋಗಿರಲಿಲ್ಲ, ಬಂದರಿನಲ್ಲೇ ನಿಂತಿತ್ತು. ಇಂಡೋನೇಷ್ಯಾದ ‘ನಂಗ್ಗಾಲ’ 2021ರ ಏಪ್ರಿಲಿನಲ್ಲಿ 53 ಜನರೊಂದಿಗೆ ಮುಳುಗಿದಾಗ, ನಮ್ಮ ನೌಕಾಪಡೆ ವಿಶಾಖಪಟ್ಟಣದಿಂದ ತನ್ನ ಆಳಸಮುದ್ರದ ರಕ್ಷಣಾ ನೌಕೆಯನ್ನು ಕಳಿಸಿತು. ಅದು ಸುಮಾರು 650 ಮೀಟರ್ ಆಳದವರೆಗೆ ಇಳಿಯಬಲ್ಲದು. ನಂಗ್ಗಾಲ ಬಿದ್ದದ್ದು 800 ಮೀಟರಿಗೂ ಕೆಳಗೆ, ಮೂರು ತುಂಡಾಗಿ. ಯಾರೋ ಬಂದು ಕಾಪಾಡುತ್ತಾರೆ ಎಂದು ನಕ್ಷೆಯನ್ನು ಖಾಲಿ ಬಿಡಬಾರದು.

ಹಡಗೇ ತನ್ನವರನ್ನು ಕಾಪಾಡುವುದು ಹೇಗೆ ಎಂಬುದಕ್ಕೆ ಒಂದು ದೊಡ್ಡ ಉತ್ತರ ನಮ್ಮ ನೌಕಾಪಡೆಯಲ್ಲೇ ಇದೆ. 1986ರಲ್ಲಿ ಸೇರ್ಪಡೆಯಾದ ‘ಶಿಶುಮಾರ್’ ಮತ್ತು ಅದರ ವರ್ಗದ ಹಡಗುಗಳ ನಡುಭಾಗದಲ್ಲಿ ಒಂದು ಉಕ್ಕಿನ ಗೋಳವಿದೆ. ಅಪಘಾತವಾದರೆ ಇಡೀ ಸಿಬ್ಬಂದಿ, ಸುಮಾರು 40 ಜನ, ಅದರೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಳ್ಳಬಹುದು. ಗೋಳ ಹಡಗಿನಿಂದ ಕಳಚಿಕೊಂಡು ಮೇಲಕ್ಕೆ ತೇಲುತ್ತದೆ. ಹಡಗಿನ ಅತ್ಯಂತ ಬೆಲೆಬಾಳುವ ಜಾಗವನ್ನು, ಅಷ್ಟೊಂದು ತೂಕವನ್ನು, ಎಂದೂ ಬಳಸುವ ದಿನ ಬಾರದಿರಲಿ ಎಂದು ಎಲ್ಲರೂ ಹಾರೈಸುವ ವಸ್ತುವಿಗೆ ಬಿಟ್ಟುಕೊಟ್ಟಿದ್ದಾರೆ. ನಾನು ಮೆಚ್ಚಿದ ನಕ್ಷೆ ಅದು. ಇದೇ ವರ್ಗದ ‘ಶಾಲ್ಕಿ’ 1992ರಲ್ಲಿ ಮುಂಬೈಯಲ್ಲೇ ಕಟ್ಟಿ ಮುಗಿದದ್ದು, ಭಾರತದಲ್ಲಿ ಕಟ್ಟಿದ ಮೊದಲ ಸಬ್‌ಮರೀನ್. ನಿಮ್ಮ ಹೈಬ್ರಿಡ್ಡಿನಲ್ಲಿ 24 ಕ್ಷಿಪಣಿಗಳಿಗೆ ಜಾಗ ಸಿಕ್ಕಿದೆ. ಎಂಟನ್ನು ತೆಗೆದು ಆ ಜಾಗದಲ್ಲಿ ಇಂಥದ್ದೊಂದು ಗೋಳ ಬರೆಯಿರಿ ಎಂದು ಕೈಮುಗಿದು ಕೇಳುತ್ತೇನೆ.

ನಕ್ಷೆಯ ಹೊರಗೂ ಜನರಿದ್ದಾರೆ. ಸಬ್‌ಮರೀನಿಗೆ ಬಂದರು ಬೇಕು, ಬಂದರಿಗೆ ದಡ ಬೇಕು. ಕಾರವಾರದ ನೌಕಾನೆಲೆ ‘ಕದಂಬ’ 2005ರಲ್ಲಿ ಕೆಲಸಕ್ಕೆ ಬಂತು. ಬನವಾಸಿಯ ಅರಸರ ಹೆಸರು ಅದಕ್ಕೆ. ಆ ನೆಲೆ ಕಟ್ಟುವ ‘ಸೀಬರ್ಡ್’ ಯೋಜನೆಗಾಗಿ ಅರ್ಗಾ, ಚೆಂಡಿಯಾ, ತೋಡೂರು ಮೊದಲಾದ ಊರುಗಳ ಸಾವಿರಾರು ಕುಟುಂಬಗಳು ಗದ್ದೆ, ತೆಂಗಿನ ತೋಟ, ಬಲೆ ಒಣಗಿಸುವ ಮರಳನ್ನು ಬಿಟ್ಟೆದ್ದವು. ನನ್ನ ಬಾಲ್ಯದ ಪರಿಚಯದ ಮನೆಗಳೂ ಅವುಗಳಲ್ಲಿದ್ದವು. ದೇಶಕ್ಕೆ ನೆಲೆ ಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಿಮ್ಮಲ್ಲಿ ಮೂವರು ನಿಮ್ಮ ಕಲ್ಪನೆಯ ಹಡಗಿಗೆ ಗೋಕರ್ಣ, ಹೊನ್ನಾವರ, ಮಲ್ಪೆಗಳಲ್ಲಿ ‘ಗುಪ್ತ ನೆಲೆ’ ಗುರುತು ಹಾಕಿದ್ದೀರಿ. ಆ ದಡದಲ್ಲಿ ಈಗ ಯಾರು ಬಲೆ ಹಾಕುತ್ತಿದ್ದಾರೆ, ಅವರು ಎಲ್ಲಿಗೆ ಹೋಗಬೇಕು ಎಂಬುದನ್ನೂ ನಕ್ಷೆಯ ಮೂಲೆಯಲ್ಲಿ ಬರೆಯುತ್ತೀರಾ?

ಇನ್ನೊಂದು ಮಾತು ಸ್ವಲ್ಪ ಕಟ್ಟುನಿಟ್ಟಾಗಿಯೇ ಹೇಳಬೇಕು. ನಮ್ಮ ಸುತ್ತಲಿನ ಮನೆಗಳಲ್ಲಿ ರಕ್ಷಣಾ ಇಲಾಖೆಯಲ್ಲಿ, ಸೇನೆಯ ಕಚೇರಿಗಳಲ್ಲಿ ಕೆಲಸ ಮಾಡುವವರು ಬಹಳ. ನಿಮ್ಮ ಅಪ್ಪ, ಅಮ್ಮ, ಚಿಕ್ಕಪ್ಪ, ಪಕ್ಕದ ಮನೆಯ ಅಂಕಲ್ ಅವರಲ್ಲಿರಬಹುದು. ನಕ್ಷೆ ಚೆನ್ನಾಗಿ ಬರಲೆಂದು ಅವರನ್ನು ಒಳಗಿನ ವಿವರ ಕೇಳಬೇಡಿ, ಅವರ ಮೇಜಿನ ಕಾಗದ ಮುಟ್ಟಬೇಡಿ. 2016ರ ಆಗಸ್ಟಿನಲ್ಲಿ ನಮ್ಮ ಸ್ಕಾರ್ಪಿನ್ ಸಬ್‌ಮರೀನ್‌ಗಳಿಗೆ, ಎಂದರೆ ಕಲ್ವರಿಯ ಬಗೆಯವಕ್ಕೆ, ಸಂಬಂಧಿಸಿದ 22,400 ಪುಟಗಳ ದಾಖಲೆ ಸೋರಿಹೋದ ಸುದ್ದಿ ಆಸ್ಟ್ರೇಲಿಯಾದ ಪತ್ರಿಕೆಯೊಂದರಲ್ಲಿ ಬಂದು ದೇಶವೇ ಕಂಗೆಟ್ಟಿತ್ತು. ಸಬ್‌ಮರೀನಿಗೆ ಅಡಗುವುದೇ ಆಯುಧ. ಈ ಪತ್ರದಲ್ಲಿ ನಾನು ಬರೆದದ್ದೆಲ್ಲ ಪುಸ್ತಕ, ಪತ್ರಿಕೆಗಳಲ್ಲಿ ಯಾರೂ ಓದಬಹುದಾದದ್ದು. ಕಲ್ಪನೆಗೆ ಅಷ್ಟು ಧಾರಾಳವಾಗಿ ಸಾಕು.

ಇಷ್ಟೆಲ್ಲ ಸಾವುಗಳ ಮಾತು ಓದಿ ನೀವು ಪೆನ್ಸಿಲ್ ಕೆಳಗಿಡಬಾರದು. ಪ್ರತಿ ಅಪಘಾತದ ನಂತರ ಯಾರೋ ಕೂತು ನಕ್ಷೆ ತಿದ್ದಿದ್ದಾರೆ. ಅಮೆರಿಕದ ‘ಥ್ರೆಷರ್’ 1963ರ ಏಪ್ರಿಲ್ 10ರಂದು 129 ಜನರೊಂದಿಗೆ ಮುಳುಗಿದ ಮೇಲೆ ಅವರು ಪ್ರತಿ ಬೆಸುಗೆ, ಪ್ರತಿ ವಾಲ್ವನ್ನು ಪರೀಕ್ಷಿಸಿ ದಾಖಲಿಸುವ ಕಟ್ಟುನಿಟ್ಟು ವ್ಯವಸ್ಥೆ ತಂದರು. ಥೆಟಿಸ್ ಮುಳುಗಿದ ಮೇಲೆ ಟಾರ್ಪಿಡೊ ಕೊಳವೆಯ ಒಳಬಾಗಿಲು ಒಮ್ಮೆಗೇ ಪೂರ್ತಿ ತೆರೆಯದಂತೆ ಒಂದು ಕೊಂಡಿ ಸೇರಿಸಿದರು. ಆ ಕೊಂಡಿಯನ್ನು ಬರೆದವರ ಕೆಲಸವನ್ನು ನಾನು ನಿಮ್ಮಿಂದ ಬಯಸುತ್ತಿದ್ದೇನೆ.

ನಾನು ಕೇಳುತ್ತಿರುವುದು ಇಷ್ಟು. ನಿಮ್ಮ ಈಗಿನ ನಕ್ಷೆಯನ್ನು ಹರಿಯಬೇಡಿ, ಇಟ್ಟುಕೊಳ್ಳಿ. ಹೊಸ ಹಾಳೆ ತೆಗೆದುಕೊಂಡು ಮೊದಲು ಎಷ್ಟು ಜನ ಎಂದು ಬರೆಯಿರಿ, ಅವರು ಮಲಗುವ, ಉಣ್ಣುವ, ಉಸಿರಾಡುವ ಜಾಗ ಗುರುತಿಸಿ. ಪ್ರತಿ ಕೋಣೆಯಿಂದ ಹೊರಬರಲು ಎರಡು ದಾರಿ ತೋರಿಸಿ. ಆಮೇಲೆ ಯಂತ್ರಗಳನ್ನು ಒಂದೊಂದಾಗಿ ಒಳಗೆ ತನ್ನಿ, ಒಂದೊಂದರ ತೂಕವನ್ನೂ ಅಂದಾಜಿನಲ್ಲಾದರೂ ಪಟ್ಟಿಯಲ್ಲಿ ಏರಿಸುತ್ತಾ ಹೋಗಿ. ಕವಚಕ್ಕೆ ಬೀಳುವ ಪ್ರತಿ ತೂತಿಗೂ ಒಂದು ನಂಬರ್ ಕೊಡಿ. ಮುಗಿದ ಮೇಲೆ ನಕ್ಷೆಯನ್ನು ನಿಮ್ಮ ಗೆಳೆಯರೊಬ್ಬರ ಕೈಗೆ ಕೊಟ್ಟು, ‘ಇದು ಹೇಗೆ ಮುಳುಗಿಹೋಗಬಹುದು, ಹುಡುಕು’ ಎಂದು ಹೇಳಿ, ಕೋಪ ಮಾಡಿಕೊಳ್ಳದೆ ಕೇಳಿಸಿಕೊಳ್ಳಿ. ರಜೆಯಲ್ಲಿ ಊರಿಗೆ ಹೋದಾಗ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ‘ಚಪಲ್’ ಕ್ಷಿಪಣಿ ದೋಣಿಯನ್ನು ಹತ್ತಿ ನೋಡಿ. ಆಗುವುದಾದರೆ ವಿಶಾಖಪಟ್ಟಣಕ್ಕೂ ಹೋಗಿ, ಆ ದುಂಡು ಬಾಗಿಲಿನಲ್ಲಿ ಒಮ್ಮೆ ತೂರಿ ಬನ್ನಿ.

ನಿಮ್ಮ ಮನೆಯ ಹಿರಿಯರು ಈ ಪತ್ರ ಓದಿದರೆ ಅವರಲ್ಲೂ ಒಂದು ವಿನಂತಿ: ಹನ್ನೆರಡನೆಯ ತರಗತಿ ಹತ್ತಿರವಾಯಿತೆಂದು ಈ ಹಾಳೆಗಳನ್ನು ಎತ್ತಿಡಬೇಡಿ. ಇದರಲ್ಲಿರುವ ಭೌತಶಾಸ್ತ್ರ ಪರೀಕ್ಷೆಗೂ ಬರುತ್ತದೆ.

ತಿದ್ದಿದ ನಕ್ಷೆಗಳನ್ನು ಮಾರ್ಚ್ ಪರೀಕ್ಷೆ ಮುಗಿದ ಮೇಲೆ ನನ್ನಲ್ಲಿಗೆ ತನ್ನಿ. ಸಂಜೆ ಹೊತ್ತು ಮನೆಯಲ್ಲೇ ಇರುತ್ತೇನೆ, ಗ್ರಾಫ್ ಹಾಳೆ, ಅಳತೆಪಟ್ಟಿ ನನ್ನ ಬಳಿ ಇವೆ. ತೂಕದ ಪಟ್ಟಿ ಸರಿಹೊಂದದಿದ್ದರೂ ತನ್ನಿ, ಎಲ್ಲಿ ತಪ್ಪಿದೆಯೆಂದು ಜೊತೆಯಲ್ಲಿ ಕೂತು ಹುಡುಕೋಣ. ಪಟ್ಟಿಯೇ ಇಲ್ಲದೆ ಬಂದವರ ಜೊತೆ ಮೊದಲು ಪಟ್ಟಿ ಮಾಡಿ, ನಕ್ಷೆಯನ್ನು ಆಮೇಲೆ ಬಿಚ್ಚುತ್ತೇನೆ.

ಇಂತು,
ನಿಮ್ಮ ಶ್ರೇಯೋಭಿಲಾಷಿ,
ನಿವೃತ್ತ ಭೌತಶಾಸ್ತ್ರ ಶಿಕ್ಷಕಿ
ಸರೋಜಿನಿ ನಗರ, ನವದೆಹಲಿ